ಪಟ್ಟಿ ಕಟ್ಟಿದ ಬಲಗೈ

ಕಥೆ ಹೇಳಿ ನನಗೆ ಅಭ್ಯಾಸವಿಲ್ಲ. ಹೇಳಬೇಕಾದ್ದಕ್ಕಿಂತ ಹೆಚ್ಚು ಹೇಳಿ ಕೆಡಿಸಿದರೆ ಓದುವವರು ಕ್ಷಮಿಸಬೇಕು.

ಯೂರೋಪಿನ ಒಂದು ಚಿಕ್ಕ ರಾಜ್ಯ. ನದಿಯ ದಂಡೆಯ ಮೇಲೊಂದು ಮಠ. ನಮ್ಮ ಮಠಗಳಂಥದ್ದಲ್ಲ, ಕ್ರೈಸ್ತ ಸನ್ಯಾಸಿಗಳದು. ಅಲ್ಲಿ ಓಡಿಲೋ ಎಂಬ ವೃದ್ಧ ಗುರುಗಳಿದ್ದರು.

ಆ ನಾಡಿನಲ್ಲೊಂದು ಪದ್ಧತಿ. ಮದುವೆಯಲ್ಲಿ ರಾಜನು ಸಮಾನ ಮನೆತನದ ಹೆಣ್ಣಿಗೆ ಬಲಗೈ ಕೊಡುತ್ತಾನೆ. ಕೆಳಗಿನ ಮನೆತನದವಳಾದರೆ ಎಡಗೈ. ಎಡಗೈ ಮದುವೆಯೂ ಮದುವೆಯೇ. ಹೆಂಡತಿ ಹೆಂಡತಿಯೇ, ಮಕ್ಕಳು ಮಕ್ಕಳೇ. ಸಿಂಹಾಸನ ಮಾತ್ರ ಆ ಮಕ್ಕಳಿಗಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ, ಅದಕ್ಕೇ ಹೇಳಿದೆ.

ರಾಜ ತೀರಿಕೊಂಡ. ಪಟ್ಟ ತನ್ನದೆಂದ ಮಗ ಕಾನ್ರಾಡ್. “ಅಲ್ಲ, ನನ್ನದು” ಎಂದ ರಾಜನ ತಮ್ಮ.

ರಾಜನ ಮದುವೆ ಮಾಡಿಸಿದ್ದು ಓಡಿಲೋ. ಆ ದಿನ ಅಲ್ಲಿದ್ದವರಲ್ಲಿ ಉಳಿದವರು ಅವರೊಬ್ಬರೇ. ಪಟ್ಟ ಯಾರದೆಂದು ತೀರ್ಮಾನಿಸುವ ಸಭೆಯಲ್ಲಿ ಅವರು ಸಾಕ್ಷಿ ಹೇಳಬೇಕಿತ್ತು.

ಕಾನ್ರಾಡ್ ಓದಿದ್ದು ಅವರ ಬಳಿಯೇ. ಸಭೆಯ ಹಿಂದಿನ ಸಂಜೆ ಮಠಕ್ಕೆ ಬಂದ. ಬೆನ್ನನ್ನು ಗೋಡೆಗೆ ಕೊಟ್ಟು ಕುಳಿತ. ಹಿಂದಿನಿಂದ ಯಾರೂ ಬರಬಾರದಲ್ಲ, ಅದಕ್ಕೆ.

ಗುರುಗಳು ಗಂಜಿ ಇಟ್ಟರು.

“ಮೊದಲು ನೀವು ಕುಡಿಯಿರಿ, ಗುರುಗಳೇ.”

ಗುರುಗಳು ಒಂದು ಗುಟುಕು ಕುಡಿದರು. “ಉಪ್ಪು ಕಡಿಮೆ. ಅದು ಬಿಟ್ಟರೆ ಬೇರೇನೂ ಇಲ್ಲ.”

ಕಾನ್ರಾಡ್ ನಗಲಿಲ್ಲ. “ನಾಳೆ ಏನು ಹೇಳುತ್ತೀರಿ?”

“ಕಂಡದ್ದನ್ನು. ನಿನ್ನ ತಂದೆ ಎಡಗೈ ಕೊಟ್ಟ.”

“ಅದು ಊರಿಗೆಲ್ಲ ಗೊತ್ತು. ಬೇಟೆಯಲ್ಲಿ ಅವರ ಬಲಗೈಗೆ ಗಾಯವಾಗಿತ್ತು. ಪಟ್ಟಿ ಕಟ್ಟಿದ್ದರು. ಗಾಯವಿತ್ತೆಂದು ಎಡಗೈ ಕೊಟ್ಟರು, ಅಮ್ಮ ಕೀಳೆಂದಲ್ಲ. ಅಮ್ಮ ಸಾಯುವವರೆಗೂ ಇದನ್ನೇ ಹೇಳುತ್ತಿದ್ದಳು.”

“ಅವಳು ಸುಳ್ಳು ಹೇಳಲಿಲ್ಲ. ಅವಳು ಕಂಡದ್ದು ಪಟ್ಟಿಯನ್ನು.”

“ಮತ್ತೆ ನೀವು?”

“ಔಷಧಿ ಹಚ್ಚೋಣವೆಂದು ಆ ಸಂಜೆ ಪಟ್ಟಿ ಬಿಚ್ಚಿದೆ. ಒಳಗೆ ಗಾಯವಿರಲಿಲ್ಲ.”

ಕಾನ್ರಾಡ್ ಎದ್ದು ನಿಂತ. “ಅಂದರೆ?”

“ನಿನ್ನ ತಂದೆ ಯಾರನ್ನೂ ನಂಬುತ್ತಿರಲಿಲ್ಲ. ನಿನ್ನ ತಾಯಿಯ ಮನೆಯವರು ಮುಂದೆ ನೆರವಿಗೆ ಬಂದರೆ ಗಾಯವಿತ್ತು ಎನ್ನಬಹುದು. ಬಾರದಿದ್ದರೆ ಇರಲಿಲ್ಲ ಎನ್ನಬಹುದು. ಹಾಗೆಂದು ಅವನೇ ನನಗೆ ಹೇಳಿದ.”

“ಚಿಕ್ಕಪ್ಪ ಹೇಳಿಕೊಟ್ಟ ಪಾಠ ಚೆನ್ನಾಗಿಯೇ ಒಪ್ಪಿಸುತ್ತಿದ್ದೀರಿ. ಏನು ಆಸೆ ತೋರಿಸಿದ? ಬಿಷಪ್ ಪದವಿಯೇ?”

“ಅವನು ಬೆಳಿಗ್ಗೆ ಬಂದಿದ್ದ. ಅವನಿಗೂ ಇದನ್ನೇ ಹೇಳಿದೆ.”

“ಕುಣಿದಾಡಿರಬೇಕು.”

“ಇಲ್ಲ. ಕತ್ತಿಯ ಮೇಲೆ ಕೈಯಿಟ್ಟ. ‘ನಿನ್ನ ಶಿಷ್ಯನ ವಿರುದ್ಧ ನೀನೇಕೆ ಮಾತಾಡುತ್ತೀ? ನನ್ನನ್ನು ಮೈಮರೆಸಿ ನಾಳೆ ಸಭೆಯಲ್ಲಿ ಮಾತು ತಿರುಗಿಸುತ್ತೀಯಾ? ಕಾನ್ರಾಡ್ ಯಾವ ಪದವಿ ಕೊಡುತ್ತೇನೆಂದ?’ ಎಂದು ಕೇಳಿದ.”

ಕಾನ್ರಾಡ್ ಮತ್ತೆ ಕುಳಿತ. ಹೊರಗೆ ನದಿಯ ಸದ್ದು.

ಆಮೇಲೆ ಕೇಳಿದ. “ಹಾಗಾದರೆ ನಾನು ಅಪ್ಪನ ಮನೆಗೆ ಏನೂ ಅಲ್ಲವೇ, ಗುರುಗಳೇ?”

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ತನಗೆ ಲಾಭವಾಗುವ ಮಾತನ್ನೇ ಚಿಕ್ಕಪ್ಪ ನಂಬಲಿಲ್ಲ. ಯಾಕೆ ನಂಬಲಿಲ್ಲವೆಂದರೆ, ಈ ಅನುಮಾನ ಎನ್ನುವುದು… ಬಂದೆ, ಬಂದೆ. ಒಳಗಿನಿಂದ ಕರೆಯುತ್ತಿದ್ದಾರೆ. ಗುರುಗಳ ಉತ್ತರವನ್ನಷ್ಟೇ ಬರೆದು ಏಳುತ್ತೇನೆ.

“ಪಟ್ಟ ನಿನ್ನದಲ್ಲ, ಮಗು. ಆದರೆ ನೀನು ಆ ಮನೆಯವನೇ. ಅದಕ್ಕೆ ನನಗೆ ಈ ಗಂಜಿಯ ಹೊರತು ಬೇರೆ ಸಾಕ್ಷಿ ಬೇಡ.”