ಬೂತಾಯಿಗೆ ಬೆಕ್ಕಿನ ಸಾಕ್ಷಿ

"ಮೀನಿನ ಮುಖ ನೋಡಿದರೆ ಸಾಕು, ಅದರ ಕುಲಗೋತ್ರ ಹೇಳಿಬಿಡುತ್ತೇನೆ" ಎಂದು ಕೊಚ್ಚಿಕೊಂಡೇ ನಂಜರಾಯ ಅಳಿವೆಕೋಟೆಯಲ್ಲಿ ಮೀನು ಪರೀಕ್ಷಕನಾದದ್ದು. ಘಟ್ಟದ ಮೇಲಿನವನು. ಸಮುದ್ರ ಕಂಡು, ಈ ಕೆಲಸ ಹಿಡಿದು ಮೂರೇ ತಿಂಗಳಾಗಿತ್ತು.

ಅಲ್ಲಿಯ ಅರಸ ಸೋಯಿದೇವನಿಗೆ ಬೂತಾಯಿ ಮೀನೆಂದರೆ ಪ್ರಾಣ. ಬೂತಾಯಿಗೆ ಪೇಡಿ ಎಂಬ ದಾಯಾದಿ ಮೀನೊಂದುಂಟು. ಅದಕ್ಕೂ ಅದೇ ಬೆಳ್ಳಿ ಮೈ, ಆದರೆ ಎಣ್ಣೆ ಕಡಿಮೆ, ರುಚಿಯೂ ಕಡಿಮೆ. ಒಮ್ಮೆ ಯಾರೋ ಪೇಡಿಯನ್ನೇ ಬೂತಾಯಿ ಎಂದು ಅರಮನೆಗೆ ಮಾರಿದರು. ಅರಸ ಎರಡು ದಿನ ಊಟದ ತಟ್ಟೆಯನ್ನೇ ದೂರ ತಳ್ಳಿದ. ಮೂರನೆಯ ದಿನ ಆಜ್ಞೆ ಹೊರಟಿತು: ಹಾಗೆ ಮಾರಿದರೆ ಮೀನು ಜಪ್ತಿ. ಮೂರು ಸಲ ಸಿಕ್ಕಿಬಿದ್ದವರು ಪೇಟೆಯಲ್ಲಿ ಕೂರುವಂತಿಲ್ಲ.

ಮೀನು ಮಾರುವ ಅಕ್ಕು ಆ ಬೆಳಿಗ್ಗೆ ಮೂರನೆಯ ಸಲ ನಂಜರಾಯನ ಕೈಗೆ ಸಿಕ್ಕಿಬಿದ್ದಿದ್ದಳು. ಖಾಲಿ ಬುಟ್ಟಿ ಹಿಡಿದು ನೇರ ಸಾಂತಪ್ಪನ ಜಗಲಿಗೆ ಬಂದಳು. ಸಾಂತಪ್ಪ ಆಸ್ಥಾನದ ಜಾಣ, ಅವಳ ಹಳೆಯ ಗಿರಾಕಿ.

"ಸಾಂತಣ್ಣ, ನನ್ನ ಅಜ್ಜಿ ಕೂತ ಜಾಗ ಅದು. ಹೋಯಿತು."

"ಬುಟ್ಟಿಯಲ್ಲಿದ್ದದ್ದು ಯಾವ ಮೀನು?"

"ಬೂತಾಯಿಯೇ. ನನಗೆ ಗೊತ್ತಾಗುವುದಿಲ್ಲವಾ?"

"ಆ ಪರೀಕ್ಷಕ ಹೇಗೆ ನೋಡಿದ?"

"ಮೂಗು ಮುಚ್ಚಿಕೊಂಡು ಕೋಲಿನಿಂದ ತಿವಿದ. ಇದರ ಮುಖದಲ್ಲಿ ಕಳ್ಳತನ ಇದೆ ಅಂದ. ಸತ್ತ ಮೀನಿನ ಮುಖದಲ್ಲಿ ಮತ್ತೇನಿರಬೇಕಿತ್ತು, ನಗುವಾ?"

"ನಿಜವಾಗಿ ಪೇಡಿ ಇಟ್ಟುಕೊಂಡವರನ್ನು ಹಿಡಿಯುತ್ತಾನಾ?"

"ಅವರ ಕಡೆ ತಿರುಗಿಯೂ ನೋಡುವುದಿಲ್ಲ. ಕೊಬ್ಬಿದ ಮೀನು ಕಂಡರೆ ಮಾತ್ರ ಅವನಿಗೆ ಅನುಮಾನ."

ಸಾಂತಪ್ಪ ತಲೆಗೆ ಮುಂಡಾಸು ಸುತ್ತಿದ. "ಹೋಗಿ ನಾಲ್ಕು ಬೂತಾಯಿ, ನಾಲ್ಕು ಪೇಡಿ ತಗೊಂಡು ಅರಮನೆಗೆ ಬಾ."

ಆಸ್ಥಾನದಲ್ಲಿ ಅವನು ನಂಜರಾಯನಿಗೆ ಬಗ್ಗಿ ಕೈಮುಗಿದ. "ರಾಯರೇ, ಜಪ್ತಿಯಾದ ಮೀನನ್ನು ಏನು ಮಾಡುತ್ತೀರಿ?"

"ಪೇಡಿಯನ್ನು ನಾನು ತಿನ್ನುತ್ತೇನೆಯೇ? ನನ್ನ ಬೆಕ್ಕಿಗೆ ಹಾಕುತ್ತೇನೆ."

"ದಿನಾ ಒಂದು ಬುಟ್ಟಿಯಾ?"

"ದೊಡ್ಡ ಬೆಕ್ಕು."

"ಮೂರು ತಿಂಗಳಿಂದ ಅದಕ್ಕೆ ಪೇಡಿಯೇ ಊಟವಾ?"

"ಪೇಡಿ ಬಿಟ್ಟು ಬೇರೆ ಮೀನಿನ ರುಚಿಯೇ ಅದಕ್ಕೆ ಗೊತ್ತಿಲ್ಲ" ಎಂದ ನಂಜರಾಯ, ಅರಸನಿಗೂ ಕೇಳುವಂತೆ.

ಸಾಂತಪ್ಪ ಅರಸನತ್ತ ತಿರುಗಿದ. "ಹಾಗಾದರೆ ಪ್ರಭು, ಪೇಡಿಯನ್ನು ಆ ಬೆಕ್ಕಿನಷ್ಟು ಬಲ್ಲವರು ರಾಜ್ಯದಲ್ಲೇ ಇಲ್ಲ. ಅದನ್ನೇ ಸಾಕ್ಷಿಗೆ ಕರೆಸೋಣ."

ಬೆಕ್ಕು ಬಂತು. ಹೊತ್ತು ತಂದ ಆಳು ಅದನ್ನು ಇಳಿಸಿ ಸೊಂಟ ನೀವಿಕೊಂಡ. ಅಕ್ಕು ಎರಡು ತಟ್ಟೆಯಲ್ಲಿ ಮೀನು ಇಟ್ಟಳು.

"ಯಾವುದು ಯಾವುದೆಂದು ನನಗೆ ತಿಳಿಯುವುದು ಹೇಗೆ?" ಎಂದ ಅರಸ.

"ಹೊಟ್ಟೆಯ ಅಂಚಿನಲ್ಲಿ ಬಾಲದಿಂದ ತಲೆಯ ಕಡೆಗೆ ಹೆಬ್ಬೆರಳು ಓಡಿಸಿ, ಒಡೆಯಾ. ಗರಗಸದ ಹಾಗೆ ಚುಚ್ಚಿದರೆ ಪೇಡಿ. ನುಣ್ಣಗೆ ಜಾರಿದರೆ ಬೂತಾಯಿ" ಎಂದಳು ಅಕ್ಕು.

ಅರಸ ಸಿಂಹಾಸನದಿಂದ ಇಳಿದು ಕುಕ್ಕರುಗಾಲಲ್ಲಿ ಕೂತ. ಎಂಟು ಮೀನಿಗೂ ಬೆರಳು ಓಡಿಸಿದ. ನಾಲ್ಕು ಸಲ "ಹಾ" ಎಂದ, ನಾಲ್ಕು ಸಲ "ಆಹಾ" ಎಂದ. "ಇಷ್ಟೇನಾ?" ಎಂದು ಕೈಯನ್ನು ಪೀತಾಂಬರಕ್ಕೆ ಒರೆಸಿಕೊಂಡ.

ಬೆಕ್ಕನ್ನು ಬಿಟ್ಟರು. ಅದು ಪೇಡಿಯ ತಟ್ಟೆಯನ್ನು ಮೂಸಿತು. ನಂಜರಾಯನ ಕಡೆ ಒಮ್ಮೆ ನೋಡಿತು. ಆಮೇಲೆ, ಹೇಸಿಗೆಯ ಮೇಲೆ ಮಣ್ಣೆಳೆಯುವ ಹಾಗೆ, ನೆಲವನ್ನು ಪರಪರ ಕೆರೆಯಿತು. ಅಲ್ಲಿಂದ ಬೂತಾಯಿಯ ತಟ್ಟೆಗೆ ಹೋಗಿ ಒಂದು, ಎರಡು, ಮೂರು ಮೀನು ಬಾಲಸಮೇತ ಮುಗಿಸಿತು. ನಾಲ್ಕನೆಯದನ್ನು ಮುಟ್ಟದೆ ಅಲ್ಲೇ ಕಾಲು ಚಾಚಿ ಮಲಗಿತು.

"ಅದಕ್ಕೆ... ಇವತ್ತು ಮೈ ಸರಿಯಿಲ್ಲ" ಎಂದ ನಂಜರಾಯ.

"ಮೂರು ತಿಂಗಳ ಊಟದ ಗುರುತೇ ಸಿಗದಷ್ಟಾ?" ಎಂದ ಸಾಂತಪ್ಪ. "ಹಾಗಾದರೆ ಜಪ್ತಿಯಾದದ್ದು ಬೂತಾಯಿ. ಬೆಕ್ಕಿಗೆ ದಿನಕ್ಕೆ ಮೂರು. ಉಳಿದ ಬುಟ್ಟಿ ಎಲ್ಲಿ ಹೋಯಿತು ರಾಯರೇ?"

ಸಭೆಯೆಲ್ಲ ನಂಜರಾಯನ ಹೊಟ್ಟೆ ನೋಡಿತು. ಅವನು ಶಲ್ಯ ಎಳೆದುಕೊಂಡ.

ಅಕ್ಕುವಿನ ಜಾಗ ಅಕ್ಕುವಿಗೇ ಉಳಿಯಿತು. ಮೂರು ತಿಂಗಳು ಅವಳ ಬುಟ್ಟಿ ಹೊರುವ ಕೆಲಸ ನಂಜರಾಯನಿಗೆ ಬಂತು, ಮೂಗು ಮುಚ್ಚಿಕೊಳ್ಳಲು ಕೈ ಬಿಡುವಿಲ್ಲದಂತೆ.

"ಈಗ ಪರೀಕ್ಷಕನ ಜಾಗ ಖಾಲಿ" ಎಂದ ಅರಸ. "ನೀನೇ ಆಗುತ್ತೀಯಾ ಸಾಂತಪ್ಪ?"

"ಬೇಡ ಪ್ರಭು, ನನಗೂ ಬೂತಾಯಿ ಇಷ್ಟ. ಆ ಬೆಕ್ಕಿಗೇ ಕೊಡಿ."

"ಯಾಕೆ, ಮೀನು ಬಲ್ಲದು ಅಂತಲಾ?"

"ಮೀನು ಬಲ್ಲವರು ಪೇಟೆ ತುಂಬ ಇದ್ದಾರೆ, ಪ್ರಭು. ಮೂರಕ್ಕೆ ಸಾಕು ಅನ್ನುವ ಅಧಿಕಾರಿ ಇದೊಂದೇ."