ಕಡಲಿನ ತೊಟ್ಟಿಗೆ ಸಿಹಿನೀರು

“ಗುರುಗಳೇ, ದುಃಖವನ್ನು ಕಡಿಮೆಯಾಗಲು ಬಿಡದೆ ಇಟ್ಟುಕೊಳ್ಳುವುದು ತಪ್ಪೇ?” ಎಂದು ಕೊಟ್ರಯ್ಯ ಕೇಳಿದ.

ಕೊಟ್ರಯ್ಯ ಹಿಟ್ಟಿನ ಗಿರಣಿ ನಡೆಸುವವನು; ಮನೆಯಲ್ಲಿ ಈಗ ಅವನೂ ಮಗಳೂ ಇಬ್ಬರೇ. ಹೆಂಡತಿ ತೀರಿಕೊಂಡ ಮೇಲೆ ಗಿರಣಿ ಮುಚ್ಚಿದ ದಿನಗಳಲ್ಲಿ ಆಶ್ರಮಕ್ಕೆ ಬಂದು, ಮಾತಾಡದೆ ಕುಳಿತು ಹೋಗುತ್ತಿದ್ದ. ಅವನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

“ಅವಳು ಹೋದ ಮೇಲೆ ಮನೆಯಲ್ಲಿ ಹಬ್ಬ ಮಾಡಿಲ್ಲ. ಹಾಡು ಹಚ್ಚಿಲ್ಲ. ಯಾರ ಮದುವೆಗೂ ಹೋಗಿಲ್ಲ. ಆ ದಿನ ಮನೆ ಹೇಗಿತ್ತೋ ಇಂದಿಗೂ ಹಾಗೆಯೇ ಇದೆ. ನೆಂಟರು ಬೈಯುತ್ತಾರೆ. ಆದರೆ ನನ್ನ ದುಃಖ ಒಂದು ಕೂದಲೆಳೆಯಷ್ಟು ಕಡಿಮೆಯಾದರೂ ಅವಳಿಗೆ ದ್ರೋಹ ಮಾಡಿದೆ ಅನ್ನಿಸುತ್ತದೆ.”

ಗುರುಗಳು ಚಾಪೆ ತೋರಿಸಿ ಕೂರಲು ಹೇಳಿದರು. ಆಮೇಲೆ ಒಂದು ಕತೆ ಹೇಳತೊಡಗಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಪಾತ್ರೆ ವರ್ತಕನಿದ್ದ. ವ್ಯಾಪಾರಕ್ಕೆಂದು ಕರಾವಳಿಗೆ ಹೋಗಿ ಬರುತ್ತಿದ್ದವನು ಅಲ್ಲಿಯ ಒಬ್ಬ ಹೆಣ್ಣನ್ನು ಮೆಚ್ಚಿ ಮದುವೆಯಾದ. ಅವಳ ತವರುಮನೆ ಉಪ್ಪು ಬೆಳೆಯುವ ಗದ್ದೆಗಳ ಪಕ್ಕದಲ್ಲಿತ್ತು. ಹಿತ್ತಲಿನ ಬಾಗಿಲು ತೆರೆದರೆ ಕಡಲು.

ಗಂಡನ ಊರಿಗೆ ಬಂದ ಮೇಲೆ ಅವಳಿಗೆ ನಿದ್ದೆ ಬರಲಿಲ್ಲ. ಕಾರಣ ಕೇಳಿದಾಗ, “ಈ ಊರಿನಲ್ಲಿ ಮಲಗಿದರೆ ಏನೂ ಕೇಳಿಸುವುದಿಲ್ಲ” ಎಂದಳು. ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಆದರೂ ವರ್ತಕನ ಮನಸ್ಸಿಗೆ ಆ ಮಾತು ಚುಚ್ಚಿತು. ಅವನು ನಡುಮನೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ ಕಟ್ಟಿಸಿದ. ಸರಕು ತರುವ ಲಾರಿಯಲ್ಲಿ ಅವಳ ಊರಿನ ಕಡಲ ನೀರನ್ನು ಕ್ಯಾನುಗಳಲ್ಲಿ ತರಿಸಿ ತುಂಬಿಸಿದ. ತಿಳಿದವರನ್ನು ಕೇಳಿ, ಬಿಳಿ ಪಟ್ಟೆಯ ಎರಡು ಕೇಸರಿ ಬಣ್ಣದ ಮೀನುಗಳನ್ನು ಬಿಟ್ಟ. ಕೆಲವು ಬಸವನಹುಳುಗಳನ್ನು ಬಿಟ್ಟ. ಕಲ್ಲಿಗೆ ಅಂಟಿಕೊಂಡು ಹೂವಿನಂತೆ ಅರಳುವ ಒಂದು ಜೀವಿಯನ್ನೂ ತಂದ. ಅವಳು ಅದನ್ನು ಕಡಲಹೂವು ಎಂದು ಕರೆದಳು. ಮೀನುಗಳು ಅದರ ಎಸಳುಗಳ ನಡುವೆ ಮಲಗುತ್ತಿದ್ದವು. ಮೋಟಾರು ನೀರನ್ನು ತಿರುಗಿಸುವಾಗ ಸಣ್ಣದಾಗಿ ಸದ್ದಾಗುತ್ತಿತ್ತು. ಅವಳಿಗೆ ನಿದ್ದೆ ಬರತೊಡಗಿತು.

ವರ್ತಕ ಬೆಳಿಗ್ಗೆ ಅಂಗಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ತೊಟ್ಟಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಅವನು ಬಂದಾಗ ಯಾವಾಗಲೂ ನೀರು ತುಂಬಿರುತ್ತಿತ್ತು, ಗಾಜು ಶುಭ್ರವಾಗಿರುತ್ತಿತ್ತು. ಅದು ಹೇಗೆ ಹಾಗಿರುತ್ತದೆ ಎಂದು ಅವನು ಕೇಳಲಿಲ್ಲ.

ಅವರಿಗೆ ಮಕ್ಕಳಾಗಲಿಲ್ಲ. ಕೆಲವು ವರ್ಷ ಹೀಗೆ ಕಳೆದವು. ಒಂದು ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಊರಿನ ವೈದ್ಯರು ನೋಡಿದರು, ಪಟ್ಟಣದ ಆಸ್ಪತ್ರೆಗೂ ಸೇರಿಸಿದರು. ಅವಳು ಹಿಂತಿರುಗಿ ಬರಲಿಲ್ಲ.

ಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದರು. ವರ್ತಕ ನಡುಮನೆಯಲ್ಲಿ ಒಬ್ಬನೇ ಕುಳಿತ. ಆಗ ಅವನ ಕಣ್ಣು ತೊಟ್ಟಿಯ ಮೇಲೆ ಬಿತ್ತು. ನೀರು ತಗ್ಗಿತ್ತು. ಮೊದಲು ನೀರು ನಿಲ್ಲುತ್ತಿದ್ದ ಜಾಗದಲ್ಲಿ ಗಾಜಿನ ಮೇಲೊಂದು ಗೆರೆ ಉಳಿದಿತ್ತು. ಆ ಗೆರೆಗೂ ನೀರಿಗೂ ನಡುವಿನ ಜಾಗವನ್ನು ನೋಡಿ ಅವನಿಗೆ ಎದೆ ಒಡೆದಂತಾಯಿತು. ಅವಳದೆಂದು ಮನೆಯಲ್ಲಿ ಉಳಿದದ್ದು ಇದೊಂದು. ಇದೂ ಕಣ್ಣೆದುರಿಗೇ ಕರಗಿಹೋಗುತ್ತಿದೆ ಎಂದುಕೊಂಡ.

ಇನ್ನು ಒಂದು ಹನಿಯೂ ಕಡಿಮೆಯಾಗಬಾರದು ಎಂದು ನಿಶ್ಚಯಿಸಿದ. ತಾನು ಕೈಯಾರೆ ತುಂಬಿದರೆ ಅಂಗಡಿಯಿಂದ ಬರುವಷ್ಟರಲ್ಲಿ ಮತ್ತೆ ಇಳಿದಿರುತ್ತದೆ. ನೀರು ಇಳಿದೊಡನೆ ತಾನೇ ತುಂಬುವ ಯಂತ್ರವೊಂದು ಸಿಗುತ್ತದೆ ಎಂದು ಯಾರೋ ಹೇಳಿದರು. ಅವನು ನಗರಕ್ಕೆ ಹೋಗಿ ಮೀನಿನ ತೊಟ್ಟಿಗಳ ಅಂಗಡಿಯನ್ನು ಹುಡುಕಿದ.

ಅಂಗಡಿಯವನು ಹಲವು ಬಗೆಯ ಯಂತ್ರಗಳನ್ನು ತೋರಿಸಿದ. ಒಂದರಲ್ಲಿ ತೇಲುವ ಗುಂಡು ಇತ್ತು. ನೀರಿನೊಂದಿಗೆ ಗುಂಡು ಇಳಿದರೆ ಮೋಟಾರು ಓಡುತ್ತದೆ, ಏರಿದರೆ ನಿಲ್ಲುತ್ತದೆ. “ಬಸವನಹುಳು ಹತ್ತಿ ಕುಳಿತರೆ?” ಎಂದು ವರ್ತಕ ಕೇಳಿದ. ಗುಂಡು ಏಳದೆ ಹೋಗಬಹುದು ಎಂದು ಅಂಗಡಿಯವನು ಒಪ್ಪಿಕೊಂಡ. ಇನ್ನೊಂದರಲ್ಲಿ ಬೆಳಕಿನಿಂದ ನೀರಿನ ಮಟ್ಟ ನೋಡುವ ಸೆನ್ಸರ್ ಇತ್ತು. ಅದಕ್ಕೆ ಪಾಚಿ ಕಟ್ಟಿದರೆ ಏನಾಗುತ್ತದೆ, ಕರೆಂಟು ಹೋಗಿ ಬಂದರೆ ಏನಾಗುತ್ತದೆ ಎಂದು ವರ್ತಕ ವಿಚಾರಿಸಿದ. ಕೊನೆಗೆ ಸೆನ್ಸರ್ ಮತ್ತು ಗುಂಡು ಎರಡೂ ಇರುವ, ಒಂದು ಕೆಟ್ಟರೆ ಇನ್ನೊಂದು ಮೋಟಾರನ್ನು ನಿಲ್ಲಿಸುವ ಯಂತ್ರವನ್ನು ಆರಿಸಿದ. ಅಂಗಡಿಯವನು ಸಂತೋಷಪಟ್ಟ. ಇಷ್ಟು ಯೋಚಿಸಿ ಕೊಳ್ಳುವವರು ಕಡಿಮೆ ಎಂದ.

“ಯಂತ್ರ ನೀರು ಎಳೆದುಕೊಳ್ಳುವ ಡ್ರಮ್ ಮಾತ್ರ ದೊಡ್ಡದು ಇಡಬೇಡಿ ಯಜಮಾನರೇ. ಎರಡೂ ಕೈಕೊಟ್ಟರೆ ಇಡೀ ಡ್ರಮ್ಮು ತೊಟ್ಟಿಗೆ ಸುರಿದುಹೋಗುತ್ತದೆ. ಅಷ್ಟು ಸಿಹಿನೀರು ಒಮ್ಮೆಲೇ ಬಿದ್ದರೆ ಮೀನು ತಾಳುವುದಿಲ್ಲ.”

“ಸಿಹಿನೀರು ಯಾಕೆ?” ಎಂದು ವರ್ತಕ ಕೇಳಿದ. “ಅದು ಕಡಲ ನೀರು. ಕಡಿಮೆಯಾಗುವುದೂ ಕಡಲ ನೀರೇ ತಾನೆ?”

“ಅಲ್ಲ. ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಎಲ್ಲಿಗೂ ಹೋಗುವುದಿಲ್ಲ, ತೊಟ್ಟಿಯಲ್ಲೇ ಉಳಿಯುತ್ತದೆ. ಹೋದದ್ದನ್ನು ಮಾತ್ರ ತುಂಬಬೇಕು.”

ವರ್ತಕನ ಮುಖ ಕೆಂಪಾಯಿತು. “ಅವಳ ಕಡಲಿಗೆ ನಾನು ನಲ್ಲಿಯ ನೀರು ಬೆರೆಸಬೇಕೇ?” ಎಂದ.

ಅವಳು ಯಾರೆಂದು ಅಂಗಡಿಯವನಿಗೆ ಗೊತ್ತಿರಲಿಲ್ಲ. ಆದರೆ ಇದು ಬರೀ ನೀರಿನ ಮಾತಲ್ಲ ಎಂದು ಅವನಿಗೆ ತಿಳಿಯಿತು. ಅವನು ಯಂತ್ರವನ್ನು ಕಟ್ಟಿಕೊಟ್ಟ.

ವರ್ತಕ ಮನೆಗೆ ಬಂದು ಯಂತ್ರ ಕೂರಿಸಿದ. ಅವಳ ಊರಿನಿಂದ ಮತ್ತೆ ಕ್ಯಾನುಗಳಲ್ಲಿ ನೀರು ತರಿಸಿ ಡ್ರಮ್ಮಿಗೆ ತುಂಬಿದ. ಗುಂಡಿ ಒತ್ತಿದ. ನೀರು ಮೆಲ್ಲಗೆ ಏರಿ, ಗೆರೆಯನ್ನು ಮುಟ್ಟಿ ನಿಂತಿತು. ಅಂದು ಅವನು ಅನೇಕ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಯಂತ್ರ ಒಂದು ದಿನವೂ ತಪ್ಪಲಿಲ್ಲ. ಬೇಸಗೆ ಬಂತು, ಬಿಸಿಲು ಏರಿತು, ತೊಟ್ಟಿಯ ನೀರು ಇಳಿಯಲೇ ಇಲ್ಲ. ಮನೆಗೆ ಬಂದವರಿಗೆಲ್ಲ ವರ್ತಕ ಗಾಜಿನ ಮೇಲಿನ ಗೆರೆಯನ್ನು ತೋರಿಸುತ್ತಿದ್ದ. “ಅವಳು ಬಿಟ್ಟುಹೋದಾಗ ಎಷ್ಟಿತ್ತೋ ಅಷ್ಟೇ ಇದೆ” ಎನ್ನುತ್ತಿದ್ದ. ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು. ಹೆಂಡತಿಯನ್ನು ಹೀಗೆ ನೆನೆಯುವ ಗಂಡ ಇನ್ನೆಲ್ಲಿ ಸಿಗುತ್ತಾನೆ ಎಂದು ಊರಿನ ಹೆಂಗಸರು ಮಾತಾಡಿಕೊಂಡರು.

ತೊಟ್ಟಿಯ ಅಂಚಿನಲ್ಲಿ ಬಿಳಿಯ ಪುಡಿ ಕಟ್ಟತೊಡಗಿತು. ಅವನು ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದ. ಮರುದಿನ ಅದು ಮತ್ತೆ ಕಟ್ಟುತ್ತಿತ್ತು.

ಮೊದಲು ಬಸವನಹುಳುಗಳು ಗಾಜನ್ನು ಬಿಟ್ಟು ತಳಕ್ಕೆ ಬಿದ್ದವು. ಆಮೇಲೆ ಕಡಲಹೂವು ಮುದುಡಿತು. ಮೀನುಗಳು ಎಸಳುಗಳನ್ನು ಬಿಟ್ಟು ಒಂದು ಮೂಲೆಯಲ್ಲಿ ನಿಂತವು. ಹಾಕಿದ ಆಹಾರವನ್ನು ಮುಟ್ಟಲಿಲ್ಲ. ನೆರೆಮನೆಯ ಹೆಂಗಸೊಬ್ಬಳು ನೋಡಿ, “ಪಾಪ, ಅವಕ್ಕೂ ಅವಳದೇ ಕೊರಗು” ಎಂದಳು.

ವರ್ತಕನಿಗೆ ಆ ಮಾತು ಹಿಡಿಸಿತು. ತನ್ನ ಹಾಗೆ ಇನ್ನೂ ಎರಡು ಜೀವಗಳು ಕೊರಗುತ್ತಿವೆ ಎಂಬುದರಲ್ಲಿ ಅವನಿಗೆ ಒಂದು ಸಮಾಧಾನ ಸಿಕ್ಕಿತು. ಅಂಗಡಿಯಿಂದ ಬಂದ ಮೇಲೆ ತೊಟ್ಟಿಯ ಪಕ್ಕದಲ್ಲಿ ಕುಳಿತು ಮೀನುಗಳೊಡನೆ ಅವಳ ವಿಷಯ ಮಾತಾಡುತ್ತಿದ್ದ. ಮೀನುಗಳು ಬಾಯಿ ತೆರೆದು ಮುಚ್ಚಿ ಮಾಡುತ್ತ, ಬೇಗ ಬೇಗ ಉಸಿರಾಡುತ್ತಿದ್ದವು. ತನ್ನ ಮಾತನ್ನು ಕೇಳುತ್ತಿವೆ ಎಂದು ಅವನು ತಿಳಿದ.

ಒಂದು ಮೀನು ಸತ್ತಿತು. ಅವನು ಅದನ್ನು ಅಂಗಳದ ದಾಸವಾಳದ ಬುಡದಲ್ಲಿ ಹೂಳಿ ಬಂದು, “ಅವಳ ಹಿಂದೆಯೇ ಹೋಯಿತು” ಎಂದ. ಅದನ್ನು ಹೇಳುವಾಗ ಅವನ ದನಿಯಲ್ಲಿ ದುಃಖದ ಜೊತೆಗೆ ಸ್ವಲ್ಪ ಹೆಮ್ಮೆಯೂ ಇತ್ತು.

ವರ್ಷದ ತಿಥಿಗೆ ಅವಳ ತಾಯಿ ಬಂದಳು. ಮಗಳು ಹೋದ ಮೇಲೆ ಆ ಮುದುಕಿ ಹಾಸಿಗೆ ಹಿಡಿದಿದ್ದಳು. ಈಗ ಸ್ವಲ್ಪ ಚೇತರಿಸಿಕೊಂಡು, ಮಗಳ ಮನೆಯನ್ನು ಒಮ್ಮೆ ನೋಡಿ ಹೋಗುತ್ತೇನೆ ಎಂದು ಹಟ ಮಾಡಿ ಬಂದಿದ್ದಳು. ವರ್ತಕ ಅವಳ ಕೈ ಹಿಡಿದು ತೊಟ್ಟಿಯ ಬಳಿಗೆ ಕರೆತಂದ. ಗೆರೆ ತೋರಿಸಿದ. ಯಂತ್ರ ತೋರಿಸಿದ. ಡ್ರಮ್ಮಿನಲ್ಲಿ ಇರುವುದು ನಿಮ್ಮ ಊರಿನ ಕಡಲೇ ಎಂದ.

ಮುದುಕಿ ತೊಟ್ಟಿಯ ನೀರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಮುಖ ಕಿವುಚಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮೂಲೆಯಲ್ಲಿ ನಿಂತಿದ್ದ ಮೀನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತಳು.

“ಅಳಿಯಂದಿರೇ, ನನ್ನ ಮಗಳು ಇದಕ್ಕೆ ದಿನಾ ಕುಡಿಯುವ ನೀರು ಹಾಕುತ್ತಿದ್ದಳಲ್ಲ, ನೀವು ನೋಡಲಿಲ್ಲವೇ?”

“ಕುಡಿಯುವ ನೀರೇ?”

“ಅಡುಗೆಮನೆಯಿಂದ ಚೊಂಬಿನಲ್ಲಿ ತಂದು ಹಾಕುತ್ತಿದ್ದಳು. ನನ್ನ ಹತ್ತಿರ ಫೋನಿನಲ್ಲಿ ಮಾತಾಡುವಾಗ, ಇರಮ್ಮ, ಇವಕ್ಕೆ ಸಿಹಿನೀರು ಕೊಟ್ಟು ಬರುತ್ತೇನೆ ಅನ್ನುತ್ತಿದ್ದಳು. ಸುರಿಯುವ ಸದ್ದು ನನಗೆ ಕೇಳಿಸುತ್ತಿತ್ತು.”

“ನಾನು ಅಂಗಡಿಯಲ್ಲಿರುತ್ತಿದ್ದೆ, ಅತ್ತೆ” ಎಂದ ವರ್ತಕ.

ಯಂತ್ರ ಮಾರಿದ ಅಂಗಡಿಯವನು ಇದನ್ನೇ ಹೇಳಿದ್ದ. ಅಂದು ಕೇಳಿದ್ದ ಮಾತು ಈಗ ಅವನ ಒಳಗೆ ಇಳಿಯಿತು. ಎದ್ದವನೇ ಅಡುಗೆಮನೆಗೆ ಓಡಿ, ದೊಡ್ಡ ಕೊಡದಲ್ಲಿ ಕುಡಿಯುವ ನೀರು ಹೊತ್ತು ತಂದ. ಮುದುಕಿ ಕೊಡದ ಬಾಯಿಗೆ ಅಡ್ಡ ಕೈ ಇಟ್ಟಳು. ಇಷ್ಟು ದಿನ ಉಪ್ಪಿಗೆ ಒಗ್ಗಿದ ಜೀವ, ಒಂದೇ ಸಲಕ್ಕೆ ಬೇಡ ಎಂದಳು.

ಯಂತ್ರವನ್ನು ನಿಲ್ಲಿಸಿದರು. ಒಂದು ಚೊಂಬು ಉಪ್ಪುನೀರು ತೆಗೆಯುವುದು, ಒಂದು ಚೊಂಬು ಸಿಹಿನೀರು ಹಾಕುವುದು, ಮತ್ತೆ ಕಾಯುವುದು. ವರ್ತಕ ಅಂಗಡಿ ತೆರೆಯಲಿಲ್ಲ. ಮುದುಕಿ ಊರಿಗೆ ಹೊರಡುವುದನ್ನು ಮುಂದಕ್ಕೆ ಹಾಕಿದಳು. ಇಬ್ಬರೂ ತೊಟ್ಟಿಯ ಪಕ್ಕದಲ್ಲಿ ಕುಳಿತಿರುತ್ತಿದ್ದರು. ಅವಳು ಮಗಳ ಚಿಕ್ಕಂದಿನ ತುಂಟಾಟಗಳನ್ನು ಹೇಳುತ್ತಿದ್ದಳು. ಮಗಳು ಮೀನಿನ ಬುಟ್ಟಿಯಲ್ಲಿ ಅಡಗಿ ಕುಳಿತು ಇಡೀ ಕೇರಿಯನ್ನು ಹುಡುಕಿಸಿದ ಕತೆ ಕೇಳಿ ವರ್ತಕ ನಕ್ಕುಬಿಟ್ಟ. ನಕ್ಕದ್ದು ಗೊತ್ತಾಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಮುದುಕಿ ಆ ಕೈಯನ್ನು ಹಿಡಿದು ಕೆಳಗೆ ಇಳಿಸಿದಳು.

ಒಂದು ಸಂಜೆ ಮೀನು ಮೂಲೆ ಬಿಟ್ಟು ಹೊರಗೆ ಬಂತು. ಹಾಕಿದ ಆಹಾರದ ಒಂದು ಚೂರನ್ನು ಬಾಯಿಗೆ ತೆಗೆದುಕೊಂಡಿತು. ವರ್ತಕ ಮಗುವಿನಂತೆ ಕೂಗಿದ.

“ಅತ್ತೆ, ಬನ್ನಿ! ತಿಂದಿತು, ತಿಂದಿತು!”

ಮುದುಕಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು ನೋಡಿದಳು. ಅಂದು ಇಬ್ಬರೂ ಒಟ್ಟಿಗೆ ಕುಳಿತು ಉಂಡರು.

ಬೆಳಿಗ್ಗೆ ಮೀನು ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ನೀರು ಸರಿಯಾಗಿತ್ತು. ಮೀನಿನ ದೇಹ ಅದಕ್ಕೂ ಮೊದಲೇ ಸೋತುಹೋಗಿತ್ತು. ಕಡಲಹೂವಂತೂ ಆ ಹೊತ್ತಿಗೆ ಕೊಳೆತು ಕಲ್ಲನ್ನು ಬಿಟ್ಟಿತ್ತು.

ಮುದುಕಿ ಅಳಿಯನನ್ನು ದೂರಲಿಲ್ಲ. ಬಸ್ಸು ಹತ್ತುವಾಗ ಅವನ ತಲೆಯ ಮೇಲೆ ಕೈ ಇಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತು, ಅವನದೂ. ಅವನು ಮನೆಗೆ ಬಂದು ಡ್ರಮ್ಮನ್ನು ತೊಳೆದು ಸಿಹಿನೀರು ತುಂಬಿದ. ಯಂತ್ರವನ್ನು ನಡೆಯಲು ಬಿಟ್ಟ. ಅದು ಒಳ್ಳೆಯ ಯಂತ್ರ. ಹೋದಷ್ಟನ್ನು ತುಂಬುತ್ತ ಸರಿಯಾಗಿಯೇ ಕೆಲಸ ಮಾಡಿತು. ಆದರೆ ಆ ನೀರಿನಲ್ಲಿ ಈಗ ಯಾವ ಜೀವವೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯ ತಲೆ ತಗ್ಗಿಸಿ ಕುಳಿತಿದ್ದವನು ತಲೆಯೆತ್ತಿದ.

“ಆದರೂ ಅವನು ಮಾಡಿದ್ದೆಲ್ಲ ಅವಳ ಮೇಲಿನ ಪ್ರೀತಿಯಿಂದಲೇ ಅಲ್ಲವೇ, ಗುರುಗಳೇ?”

“ಪ್ರೀತಿಯಿಂದಲೇ. ಅದರಲ್ಲಿ ಸುಳ್ಳಿರಲಿಲ್ಲ.”

“ಹಾಗಾದರೆ ಅವನ ತಪ್ಪೇನು?”

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

“ಕೊಟ್ರಯ್ಯ, ಮನೆಯಲ್ಲಿ ನಿನ್ನ ಮಗಳು ನಕ್ಕು ಎಷ್ಟು ಕಾಲವಾಯಿತು?”

ಕೊಟ್ರಯ್ಯ ಚಾಪೆಯಿಂದ ಎದ್ದು ಮನೆಯ ಕಡೆಗೆ ಹೊರಟ.