ಪರದೆಯ ಹಿಂದೆ ಉಳಿದ ಹಾಡು

ರಸೆಲ್ ಆಸ್ಟ್ರೇಲಿಯಾದವನು. ಒಂದು ಕಾಲಕ್ಕೆ ಅಲ್ಲಿಯ ದೊಡ್ಡ ರಾಕ್ ಬ್ಯಾಂಡಿನ ಹಾಡುಗಾರ. ಈಗ ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ಕಸ ಗುಡಿಸುತ್ತ, ಕನ್ನಡ ಕಲಿತು, ಮರುಳಯ್ಯ ಗುರುಗಳ ಶಿಷ್ಯನಾಗಿದ್ದ. ಬಂದಾಗಿನಿಂದ ಒಂದು ಸಾಲೂ ಹಾಡಿರಲಿಲ್ಲ.

ಒಂದು ಸಂಜೆ ಗುರುಗಳು ಕೇಳಿಯೇ ಬಿಟ್ಟರು. "ಏನಯ್ಯಾ, ಗಂಟಲಲ್ಲಿ ಏನಿಟ್ಟುಕೊಂಡಿದ್ದೀಯ?"

"ಒಂದು ಹಾಡು, ಗುರುಗಳೇ. ಉಗುಳೋಕೂ ಆಗ್ತಿಲ್ಲ, ನುಂಗೋಕೂ ಆಗ್ತಿಲ್ಲ."

"ಹೇಳು."

"ನಾನು, ನನ್ನ ಗೆಳೆಯ ನೀಲ್ ಇಬ್ಬರೂ ಅವರಪ್ಪನ ಕುರಿ ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಶುರು ಮಾಡಿದೆವು. ಗಿಟಾರು ಅವನದು, ಹಾಡು ನನ್ನದು. ಮೊದಮೊದಲು ಹೆಂಡದಂಗಡಿಯಲ್ಲಿ ಹಾಡಿ ಬೈಸಿಕೊಂಡೆವು. ಆಮೇಲೆ ಹೋದಲ್ಲೆಲ್ಲ ಮೈದಾನ ತುಂಬಿತು. ತಲೆ ತಿರುಗಿದ್ದು ಮಾತ್ರ ನನಗೊಬ್ಬನಿಗೇ."

"ಆಮೇಲೆ?"

"ಜಗಳ. ಬ್ಯಾಂಡ್ ಮುಗಿಸೋಣ ಅಂತಾಯಿತು. ವಿದಾಯದ ಕಾರ್ಯಕ್ರಮ ಇಟ್ಟೆವು."

ಈ ರಾಕ್‌ನವರದೊಂದು ಬಿನ್ನಾಣ ಇದೆ. ಎಲ್ಲರೂ ಕಾಯುವ ಹಾಡನ್ನೇ ಬಚ್ಚಿಟ್ಟು, ಮುಗಿಯಿತು ಅಂತ ಪರದೆಯ ಹಿಂದೆ ಹೋಗುತ್ತಾರೆ. ಜನ 'ವನ್ಸ್ ಮೋರ್' ಅಂತ ಗಂಟಲು ಹರಿದುಕೊಂಡ ಮೇಲೆ ದೊಡ್ಡ ಮನಸ್ಸು ಮಾಡಿ ವಾಪಸು ಬರುತ್ತಾರೆ. ಏನು ಹೇಳೋಣ ಇವರಿಗೆ!

"ಅವತ್ತೂ ಹಾಗೇ ಹೋದೆವು. ಉಳಿಸಿದ್ದು ಶೆಡ್ಡಿನಲ್ಲಿ ನಾವಿಬ್ಬರೂ ಕಟ್ಟಿದ ಮೊದಲ ಹಾಡು. ಜನ ಕೂಗಿದರು. ನೀಲ್ ನನ್ನ ತೋಳು ಹಿಡಿದು 'ಬಾರೋ, ಹಾಡೋಣ' ಅಂದ. 'ಇರೋ, ಇನ್ನೂ ಕೂಗಲಿ. ಇಷ್ಟಕ್ಕೆಲ್ಲ ನಾನು ಬರೋನಲ್ಲ' ಅಂದೆ."

"ಕೂಗಿದರಾ?"

"ಸ್ವಲ್ಪ ಹೊತ್ತು. ಆಮೇಲೆ ಸುಮ್ಮನಾಗಿ ಮನೆಗೆ ಹೋದರು. ನೀಲ್ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟವನು ಮತ್ತೆ ನನ್ನ ಹತ್ತಿರ ಮಾತಾಡಲಿಲ್ಲ. ಮುಂದಿನ ಚಳಿಗಾಲಕ್ಕೆ ಸತ್ತೇ ಹೋದ."

ರಸೆಲ್ ಬಿಕ್ಕಿ ಬಿಕ್ಕಿ ಅತ್ತ.

"ಅದನ್ನು ಹಾಡಿ ಮುಗಿಸದೆ ನನಗೆ ನೆಮ್ಮದಿಯಿಲ್ಲ ಗುರುಗಳೇ. ಎಲ್ಲಿ ಹಾಡಲಿ?"

ಗುರುಗಳು ನದಿಯ ಮೆಟ್ಟಿಲ ಮೇಲೆ ಟವೆಲ್ ಹಾಸಿ ಕೂತರು.

"ಬಾರೋ, ಹಾಡು."

ರಸೆಲ್ ಕಣ್ಣೊರೆಸಿಕೊಂಡು ಎದ್ದ. ಗಂಟಲು ಸರಿಮಾಡಿಕೊಂಡ. ಆ ದಡ, ಈ ದಡ ನೋಡಿದ. ಒಂದು ನರಪಿಳ್ಳೆಯೂ ಇರಲಿಲ್ಲ.

"ಇಲ್ಲಿ ಕೇಳೋಕೆ ನೀವೊಬ್ಬರೇ ಅಲ್ಲವಾ ಗುರುಗಳೇ? ನಾಳೆ ಭಕ್ತರೆಲ್ಲ ಬರ್ತಾರಲ್ಲ, ಆಗ ಹಾಡ್ಲಾ?"

ಗುರುಗಳು ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಅವತ್ತು ನಿನ್ನ ತೋಳು ಹಿಡಿದು ಕರೆದವನೂ ಒಬ್ಬನೇ ಕಣೋ."